ಲಸ್ಸಾನ್ಸ್: ಹೃದಯದ ಹಳೇ ಬಾಕಿ ಕಂಡ ರೈಲು ಊರು

ಬ್ರೆಜಿಲ್ ದೇಶದ ಮೀನಸ್ ಜೆರೈಸ್ ರಾಜ್ಯದ ರಾಜಧಾನಿ ಬೆಲೊ ಹೊರಿಜಾಂಟೆ. ಅಲ್ಲಿಂದ ಉತ್ತರಕ್ಕೆ ಹೊರಟ ಪ್ರಯಾಣಿಕನಿಗೆ ಸ್ವಲ್ಪ ಹೊತ್ತಿನಲ್ಲೇ ಗುಡ್ಡಗಳು ಹಿಂದಾಗುತ್ತವೆ. ಮುಂದೆಲ್ಲ ಕೆಂಪು ನೆಲ, ಒಣಹುಲ್ಲು, ಅಲ್ಲಲ್ಲಿ ಸೊಟ್ಟಸೊಟ್ಟಗೆ ಬೆಳೆದ ಕುಳ್ಳು ಮರಗಳು. ಮರ ಕುಳ್ಳಾದರೂ ತೊಗಟೆ ದಪ್ಪ. ಕಾಳ್ಗಿಚ್ಚು ಹಾಯ್ದುಹೋದರೂ ಮತ್ತೆ ಚಿಗುರುವಷ್ಟು ದಪ್ಪ. ಅಲ್ಲಿಯ ಜನ ಈ ಸೀಮೆಯನ್ನು 'ಸೆರಾಡೊ' ಎಂದು ಕರೆಯುತ್ತಾರೆ. ನಮ್ಮ ಚಿತ್ರದುರ್ಗದ ಕಡೆಯ ಕುರುಚಲು ಕಾಡನ್ನು ಕಂಡವರಿಗೆ ಈ ನೋಟ ತೀರ ಹೊಸದೆನಿಸುವುದಿಲ್ಲ. ಮೇಯುತ್ತಿರುವ ದನಗಳನ್ನು ಕಂಡರಂತೂ ಭಾರತದವರು ಒಂದು ಗಳಿಗೆ ನಿಂತು ನೋಡುವುದು ಖಂಡಿತ. ಅವುಗಳ ಬೆನ್ನ ಮೇಲೆ ಡುಬ್ಬವಿದೆ! ಹಿಂದೆ ಹಡಗು ಹತ್ತಿ ಹೋದ ನಮ್ಮ ಓಂಗೋಲು, ಗೀರ್ ತಳಿಗಳ ಸಂತತಿ ಅದು. ಓಂಗೋಲು ತಳಿಗೆ ಅಲ್ಲಿ 'ನೆಲೋರೆ' ಎಂದು ಹೆಸರು. ನಮ್ಮ ನೆಲ್ಲೂರೇ ಹಾಗೆ ರೂಪ ಬದಲಿಸಿದೆ.

ದಾರಿಯಲ್ಲಿ ಕೊರ್ಡಿಸ್‌ಬುರ್ಗೊ ಎಂಬ ಪುಟ್ಟ ಊರು ಸಿಗುತ್ತದೆ. ಲ್ಯಾಟಿನ್ನಿನಲ್ಲಿ 'ಕೊರ್ಡಿಸ್' ಎಂದರೆ ಹೃದಯದ. 'ಬುರ್ಗೊ' ಎಂದರೆ ಊರು. ಏಸುವಿನ ಪವಿತ್ರ ಹೃದಯದ ಹೆಸರಿನಲ್ಲಿ ಕಟ್ಟಿದ ಊರಾದ್ದರಿಂದ ಕನ್ನಡದಲ್ಲಿ ಹೃದಯಪುರ ಎನ್ನಬಹುದೇನೋ. ಬ್ರೆಜಿಲಿನ ದೊಡ್ಡ ಕಾದಂಬರಿಕಾರ ಗಿಮರಾಯ್ಸ್ ರೋಸಾ 1908ರಲ್ಲಿ ಹುಟ್ಟಿದ್ದು ಇಲ್ಲೇ. ಅವರೂ ಮೊದಲು ವೈದ್ಯರೇ. ಆದರೆ ಹೃದಯದ ಬಗ್ಗೆ ಜಗತ್ತಿಗೆ ಹೊಸ ಪಾಠ ಹೇಳಿದ್ದು ಹೃದಯಪುರವಲ್ಲ. ಅದಕ್ಕೆ ಇನ್ನೂ ಉತ್ತರಕ್ಕೆ, ಕುರ್ವೆಲೊ, ಕೊರಿಂಟೊ ಪಟ್ಟಣಗಳನ್ನು ದಾಟಿ ಹೋಗಬೇಕು. ಬೆಲೊ ಹೊರಿಜಾಂಟೆಯಿಂದ 250 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ವೆಲ್ಯಾಸ್ ನದಿಯ ಬಯಲಿನಲ್ಲಿ ಲಸ್ಸಾನ್ಸ್ ಇದೆ. ಸುತ್ತಲ ಹಳ್ಳಿಗಳೂ ಸೇರಿ ಆರೇಳು ಸಾವಿರ ಜನಸಂಖ್ಯೆ. ಭೂಪಟದಲ್ಲಿ ಹುಡುಕಬೇಕಾದರೆ ಕನ್ನಡಕ ಬೇಕು.

ಈ ಊರು ರೈಲಿನ ಕೂಸು. ಹೆಸರು ಕೂಡ ಒಬ್ಬ ರೈಲ್ವೆ ಎಂಜಿನಿಯರರದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರೆಜಿಲ್ ಸರಕಾರ ರಿಯೊ ಡಿ ಜನೈರೊ ಕಡೆಯಿಂದ ಬರುವ ಹಳಿಯನ್ನು ಸಾವೊ ಫ್ರಾನ್ಸಿಸ್ಕೊ ನದಿಯ ದಂಡೆಯ ಪಿರಾಪೊರದವರೆಗೆ ಎಳೆಯಲು ಹೊರಟಿತು. ಪಿರಾಪೊರದಿಂದ ಮುಂದೆ ಹಬೆದೋಣಿಗಳು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರ ಸಾಗಬಲ್ಲವು. ಲೆಕ್ಕವೇನೋ ಚೆನ್ನಾಗಿತ್ತು. ಆದರೆ ನದಿಯ ಬಯಲಿಗೆ ಬಂದೊಡನೆ ಕೂಲಿಗಳು ಮಲೇರಿಯಾದಿಂದ ಒಬ್ಬೊಬ್ಬರಾಗಿ ಮಲಗಿದರು, ಕೆಲಸ ನಿಂತಿತು. ಆಗ ರಿಯೊದ ಸಂಶೋಧನಾಲಯದ ಮುಖ್ಯಸ್ಥ ಒಸ್ವಾಲ್ಡೊ ಕ್ರೂಜ್ ತನ್ನ ಕಿರಿಯ ವೈದ್ಯನೊಬ್ಬನನ್ನು ಅಲ್ಲಿಗೆ ಕಳಿಸಿದರು. 1907ರಲ್ಲಿ ಹೀಗೆ ಹೊರಟವರು ಕಾರ್ಲೊಸ್ ಶಾಗಸ್. ನಮ್ಮ ಪುಸ್ತಕಗಳಲ್ಲಿ 'ಚಾಗಸ್' ಎಂದು ಅಚ್ಚಾಗಿರುವುದು ಇವರ ಹೆಸರೇ. ಆಗಿನ್ನೂ ಮೂವತ್ತು ದಾಟದ ಯುವಕ.

ಲಸ್ಸಾನ್ಸಿನಲ್ಲಿ ಆಸ್ಪತ್ರೆ ಎಲ್ಲಿ ಬರಬೇಕು? ಹಳಿಯ ಮೇಲೆ ನಿಲ್ಲಿಸಿದ ಒಂದು ರೈಲು ಡಬ್ಬಿಯೇ ಶಾಗಸರಿಗೆ ಮನೆ, ಅದೇ ಪ್ರಯೋಗಶಾಲೆ. ಸೂಕ್ಷ್ಮದರ್ಶಕ, ಗಾಜಿನ ಪಟ್ಟಿಗಳು, ಹಾಸಿಗೆ ಎಲ್ಲವೂ ಅದರಲ್ಲೇ. ಮಲೇರಿಯಾ ರೋಗಿಗಳನ್ನು ನೋಡುವಾಗ ಅವರಿಗೆ ಬೇರೊಂದು ಸಂಗತಿ ಗಮನಕ್ಕೆ ಬಂತು. ಆ ಸೀಮೆಯ ಎಷ್ಟೋ ವಯಸ್ಕರ ನಾಡಿ ತಾಳ ತಪ್ಪಿ ಬಡಿಯುತ್ತಿತ್ತು. ನಡುನಡುವೆ ಒಂದು ಬಡಿತ ಜಾರುವುದು, ಇನ್ನೊಂದು ಅವಸರದಲ್ಲಿ ಮುಂದೆ ಬೀಳುವುದು. ಗಟ್ಟಿಮುಟ್ಟಾಗಿ ಕಾಣುವ ಆಳು ಕೆಲಸದ ನಡುವೆ ಇದ್ದಕ್ಕಿದ್ದಂತೆ ಬಿದ್ದು ಸಾಯುವುದೂ ಅಲ್ಲಿ ಅಪರೂಪವಾಗಿರಲಿಲ್ಲ. ಮಲೇರಿಯಾ ಹೀಗೆ ಮಾಡುವುದಿಲ್ಲ. ಮತ್ತೆ ಇದೇನು?

ಸುಳಿವು ಕೊಟ್ಟವರು ವೈದ್ಯರಲ್ಲ, ಕಾಂಟರಿನೊ ಮೊಟ್ಟಾ ಎಂಬ ರೈಲ್ವೆ ಎಂಜಿನಿಯರ್. ಬಡವರ ಗುಡಿಸಲುಗಳಲ್ಲಿ ಸೇರಿಕೊಂಡಿರುವ ಒಂದು ಕೀಟವನ್ನು ಅವರು 1908ರಲ್ಲಿ ಶಾಗಸರಿಗೆ ತೋರಿಸಿದರು. ನಮ್ಮ ತಿಗಣೆಯ ದೊಡ್ಡಣ್ಣ ಎನ್ನಬಹುದಾದ ಹುಳು ಅದು. ಕಡ್ಡಿಯ ತಡಿಕೆ ಕಟ್ಟಿ ಮಣ್ಣು ಮೆತ್ತಿದ ಗೋಡೆ, ಮೇಲೆ ಹುಲ್ಲಿನ ಮಾಡು: ಅಲ್ಲಿಯ ಗುಡಿಸಲೂ ನಮ್ಮ ಹಳ್ಳಿಯ ಹಳೆಯ ಗುಡಿಸಲೂ ಒಂದೇ ಬಗೆಯವು. ಮಣ್ಣು ಒಣಗಿ ಬಿರುಕು ಬಿಟ್ಟ ಕಡೆಯೆಲ್ಲ ಈ ಹುಳುವಿನ ಮನೆ. ಹಗಲು ಬಿರುಕಿನಲ್ಲಿ ಅಡಗಿದ್ದು ದೀಪ ಆರಿದ ಮೇಲೆ ಹೊರಬಂದು ಮಲಗಿದವರ ರಕ್ತ ಹೀರುತ್ತದೆ. ಹೊದಿಕೆಯ ಹೊರಗಿರುವುದು ಮುಖವಾದ್ದರಿಂದ ಕಚ್ಚುವುದೂ ಹೆಚ್ಚಾಗಿ ಮುಖಕ್ಕೇ. ಅದಕ್ಕೇ ಜನ ಅದಕ್ಕೆ 'ಬಾರ್ಬೇರೊ', ಅಂದರೆ ಕ್ಷೌರಿಕ ಎಂದು ಹೆಸರಿಟ್ಟಿದ್ದರು.

ಶಾಗಸ್ ಹುಳುವನ್ನು ಕುಯ್ದು ಅದರ ಕರುಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ, ಬಾಲದಂಥ ಎಳೆ ಬೀಸಿ ಈಜುವ ಏಕಕೋಶ ಜೀವಿಗಳು ಕಂಡವು. ಕೆಲವು ಹುಳುಗಳನ್ನು ರಿಯೊಗೆ ಕಳಿಸಿದರು. ಅಲ್ಲಿ ಒಸ್ವಾಲ್ಡೊ ಕ್ರೂಜ್ ಅವುಗಳಿಂದ ಮಾರ್ಮೊಸೆಟ್ ಎಂಬ ಪುಟ್ಟ ಕೋತಿಗಳನ್ನು ಕಚ್ಚಿಸಿದರು; ಕೆಲವು ವಾರಗಳಲ್ಲಿ ಕೋತಿಗಳ ರಕ್ತದಲ್ಲಿ ಪರಾವಲಂಬಿ ಕಾಣಿಸಿತು. ಗುರುವಿನ ಹೆಸರನ್ನೇ ಸೇರಿಸಿ ಶಾಗಸ್ ಅದನ್ನು 'ಟ್ರಿಪನೊಸೋಮ ಕ್ರೂಜಿ' ಎಂದು ಕರೆದರು. ವೈದ್ಯಚರಿತ್ರೆಯಲ್ಲಿ ಸಾಮಾನ್ಯವಾಗಿ ಮೊದಲು ರೋಗಿ ಸಿಗುತ್ತಾನೆ, ಆಮೇಲೆ ರೋಗಾಣು, ಕೊನೆಗೆ ಅದನ್ನು ಹೊತ್ತು ತರುವ ಕೀಟ. ಇಲ್ಲಿ ಎಲ್ಲವೂ ತಲೆಕೆಳಗು. ಕೀಟ ಸಿಕ್ಕಿತ್ತು, ರೋಗಾಣು ಸಿಕ್ಕಿತ್ತು, ರೋಗಿಯನ್ನು ಹುಡುಕಬೇಕಿತ್ತು!

1909ರ ಏಪ್ರಿಲ್ 14ರಂದು ಲಸ್ಸಾನ್ಸಿನ ಬೆರೆನಿಸ್ ಎಂಬ ಎರಡು ವರ್ಷದ ಹೆಣ್ಣುಮಗುವಿನ ರಕ್ತದಲ್ಲಿ ಆ ಜೀವಿ ಕಂಡಿತು. ಮಗುವಿಗೆ ಜ್ವರವಿತ್ತು, ಮುಖ ಊದಿತ್ತು. ಏಪ್ರಿಲ್ 14ನ್ನು 2020ರಿಂದ ವಿಶ್ವ ಶಾಗಸ್ ದಿನವೆಂದು ಆಚರಿಸುತ್ತಿರುವುದಕ್ಕೆ ಇದೇ ಕಾರಣ.

ಕಚ್ಚುವುದರಿಂದಲೇ ರೋಗ ಬರುವುದಿಲ್ಲ ಎಂಬುದು ಮುಂದೆ ತಿಳಿಯಿತು. ಹುಳು ರಕ್ತ ಹೀರಿ ಅಲ್ಲೇ ಹಿಕ್ಕೆ ಹಾಕುತ್ತದೆ. ಮಲಗಿದವನು ನಿದ್ದೆಗಣ್ಣಿನಲ್ಲಿ ಕೆರೆದುಕೊಂಡಾಗ ಅಥವಾ ಅದೇ ಕೈಯಿಂದ ಕಣ್ಣುಜ್ಜಿಕೊಂಡಾಗ ಹಿಕ್ಕೆಯಲ್ಲಿದ್ದ ಪರಾವಲಂಬಿ ಒಳಸೇರುತ್ತದೆ. ಅದಕ್ಕೆ ಇಷ್ಟವಾದ ಜಾಗಗಳಲ್ಲಿ ಮುಖ್ಯವಾದದ್ದು ಹೃದಯದ ಸ್ನಾಯು. ಅದರ ಕೋಶಗಳೊಳಗೆ ಹೊಕ್ಕು, ಒಂದು ಹತ್ತಾಗಿ ನೂರಾಗಿ, ಕೋಶ ಒಡೆದು ಹೊರಬರುತ್ತದೆ. ದೇಹದ ಕಾವಲು ಪಡೆ ಅಲ್ಲಿಗೆ ನುಗ್ಗುತ್ತದೆ. ಹೃದಯ ಸ್ನಾಯುವಿನ ಉರಿಯೂತ, ವೈದ್ಯರ ಮಾತಿನಲ್ಲಿ ಮಯೊಕಾರ್ಡೈಟಿಸ್, ಎಂದರೆ ಇದೇ. ಕೆಲವು ಮಕ್ಕಳು ಈ ಹಂತದಲ್ಲೇ ತೀರಿಕೊಳ್ಳುತ್ತಿದ್ದರು. ಹೆಚ್ಚಿನವರಿಗೆ ಅದು ಬಂದದ್ದೇ ಗೊತ್ತಾಗುತ್ತಿರಲಿಲ್ಲ, ಅಥವಾ ಒಂದೆರಡು ತಿಂಗಳ ಜ್ವರದಂತೆ ಬಂದು ಹೋಗುತ್ತಿತ್ತು. ಮಗು ಎದ್ದು ಆಡತೊಡಗಿದರೆ ತಾಯಿತಂದೆಗೆ ಸಮಾಧಾನ. ಗುಣವಾಯಿತು ಎಂದುಕೊಳ್ಳದೆ ಇನ್ನೇನು ಮಾಡಿಯಾರು?

ಆದರೆ ಲಸ್ಸಾನ್ಸಿನ ವಯಸ್ಕರ ತಪ್ಪಿದ ನಾಡಿ ಬೇರೆಯೇ ಕಥೆ ಹೇಳುತ್ತಿತ್ತು. ಬಾಲ್ಯದಲ್ಲಿ ಬಂದ ಉರಿಯೂತ ಹೃದಯದಲ್ಲಿ ಬಾಕಿ ಉಳಿಸಿ ಹೋಗಿತ್ತು. ಆ ಬಾಕಿ ವಸೂಲಿಗೆ ಬರುತ್ತಿದ್ದುದು ಹತ್ತು, ಇಪ್ಪತ್ತು, ಮೂವತ್ತು ವರ್ಷಗಳ ನಂತರ. ಶಾಗಸ್ ತಮ್ಮ ಸಹೋದ್ಯೋಗಿ ವಿಲ್ಲೆಲಾ ಜೊತೆಗೂಡಿ 1922ರಲ್ಲಿ ರೋಗದ ಈ ಹೃದಯರೂಪವನ್ನು ವಿವರವಾಗಿ ಬರೆದರು. ನಂಬಿದವರು ಕಡಿಮೆ. ಅದಕ್ಕೆ ಅವರ ತಪ್ಪೂ ಒಂದು ಕಾರಣ: ಆ ಸೀಮೆಯಲ್ಲಿ ಸಾಮಾನ್ಯವಾಗಿದ್ದ ಗಳಗಂಡವನ್ನೂ ಅವರು ಇದೇ ರೋಗದ ಖಾತೆಗೆ ಸೇರಿಸಿದ್ದರು. ಅದು ತಪ್ಪೆಂದು ಕಂಡಾಗ ವಿರೋಧಿಗಳು ಇಡೀ ರೋಗವನ್ನೇ ಅನುಮಾನಿಸಿದರು. ನೊಬೆಲ್ ಬಹುಮಾನಕ್ಕೆ ಎರಡು ಸಲ ಹೆಸರು ಹೋದರೂ ಬಹುಮಾನ ಬರಲಿಲ್ಲ. 1934ರಲ್ಲಿ ಶಾಗಸ್ ತೀರಿಕೊಂಡಾಗ ಅವರ ರೋಗ ಅರ್ಧ ಮರೆತುಹೋದ ಸ್ಥಿತಿಯಲ್ಲಿತ್ತು.

ಆ ಮರೆವನ್ನು ಹರಿದದ್ದು ಇನ್ನೊಂದು ಊರು. ಅದನ್ನು ನೋಡಲು ಲಸ್ಸಾನ್ಸ್ ಬಿಟ್ಟು ಅದೇ ರಾಜ್ಯದ ನೈಋತ್ಯಕ್ಕೆ, ಸಾವೊ ಫ್ರಾನ್ಸಿಸ್ಕೊ ನದಿ ಹುಟ್ಟುವ ಕನಾಸ್ತ್ರಾ ಬೆಟ್ಟಗಳ ಕಡೆಗೆ ಹೋಗಬೇಕು. ಅಲ್ಲಿಯ ಬಂಬೂಯಿ ಹಾಲು, ಗಿಣ್ಣು, ಕಾಫಿಯ ಸೀಮೆ. ಶಾಗಸರ ಶಿಷ್ಯಪರಂಪರೆಯ ಎಮ್ಯಾನುಯೆಲ್ ಡಯಾಸ್ 1943ರಲ್ಲಿ ಇಲ್ಲೊಂದು ಸಂಶೋಧನಾ ಠಾಣೆ ತೆರೆದರು. ಅವರು ಮಾಡಿದ ಕೆಲಸ ಕೇಳಲು ಬಹಳ ಸಾದಾ. ಇ.ಸಿ.ಜಿ. ಯಂತ್ರವನ್ನು ನಗರದ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಕೂರಲಿಲ್ಲ; ಹಳ್ಳಿಯ ಜನರ ನಡುವೆಯೇ ಅದನ್ನು ಬಳಸಿದರು. ರೋಗಿ ಎಂದು ಬಂದವರದು ಮಾತ್ರವಲ್ಲ, ತಾನು ಚೆನ್ನಾಗಿದ್ದೇನೆ ಎನ್ನುವವರ ಎದೆಯ ಗೆರೆಯನ್ನೂ ತೆಗೆದರು. ಅದೇ ಜನರನ್ನು ವರ್ಷಗಳ ಕಾಲ ಮತ್ತೆ ಮತ್ತೆ ನೋಡಿದರು. ಲರಂಜಾ, ಡಯಾಸ್ ಮತ್ತು ಸಂಗಡಿಗರ ಈ ಅಧ್ಯಯನ 1956ರಲ್ಲಿ ಅಮೆರಿಕದ ಹೃದ್ರೋಗ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ.

ಅವರು ಕಂಡದ್ದೇನು ಎಂಬುದನ್ನು ಹತ್ತನೆಯ ತರಗತಿಯ ಹೃದಯದ ಚಿತ್ರವನ್ನು ನೆನೆದುಕೊಂಡರೆ ಸುಲಭವಾಗಿ ತಿಳಿಯಬಹುದು. ಚರ್ಮ ಗಾಯವಾದರೆ ಹೊಸ ಚರ್ಮ ಬರುತ್ತದೆ. ಹೃದಯ ಸ್ನಾಯುವಿನ ಕೋಶ ಸತ್ತರೆ ಅದರ ಜಾಗಕ್ಕೆ ಹೊಸ ಸ್ನಾಯುಕೋಶ ಬರುವುದು ತೀರಾ ಕಡಿಮೆ. ಬರುವುದು ನಾರಿನ ಕಲೆ. ಹರಿದ ಪಂಚೆಗೆ ಗೋಣಿಯ ತೇಪೆ ಹಾಕಿದಂತೆ. ತೇಪೆ ತೂತು ಮುಚ್ಚುತ್ತದೆ, ಆದರೆ ಕುಗ್ಗಿ ಹಿಗ್ಗುವುದಿಲ್ಲ, ವಿದ್ಯುತ್ ಸಂದೇಶವನ್ನು ಸರಿಯಾಗಿ ಮುಂದಕ್ಕೆ ದಾಟಿಸುವುದೂ ಇಲ್ಲ. ಹೃತ್ಕರ್ಣದಿಂದ ಹೃತ್ಕುಕ್ಷಿಗೆ ಇಳಿಯುವ ಸಂದೇಶ ಕಲೆಯನ್ನು ಬಳಸಿಕೊಂಡು ಹೋಗಬೇಕಾಗುತ್ತದೆ. ಕೆಲವೊಮ್ಮೆ ಕಲೆಯ ಸುತ್ತಲೇ ಸುತ್ತತೊಡಗುತ್ತದೆ. ತಾಳ ತಪ್ಪುವುದು ಹೀಗೆ. ಇನ್ನೊಂದು ಕಡೆ, ಉಳಿದ ಸ್ನಾಯು ಇಲ್ಲದವರ ಪಾಲಿನ ಕೆಲಸವನ್ನೂ ಹೊತ್ತು ನಿಧಾನವಾಗಿ ಹಿಗ್ಗುತ್ತದೆ. ಹಿಗ್ಗಿದ ಹೃದಯ ಸಡಿಲವಾದ ಚೀಲದಂತೆ. ಅದರಲ್ಲಿ ರಕ್ತ ತುಂಬುತ್ತದೆ, ಹೊರಗೆ ತಳ್ಳುವ ಬಲ ಸಾಲದು. ಶಾಗಸ್ ರೋಗದಲ್ಲಿ ಎಡ ಹೃತ್ಕುಕ್ಷಿಯ ತುದಿ ತೆಳುವಾಗಿ ಉಬ್ಬಿಕೊಳ್ಳುವುದೂ ಉಂಟು. ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟಿದರೆ, ಹೆಪ್ಪು ಮೆದುಳಿಗೆ ಹೋಗಿ ಪಾರ್ಶ್ವವಾಯು ಬಡಿಯಬಹುದು.

ಇದೆಲ್ಲ ಎಲ್ಲರಿಗೂ ಆಗುವುದಿಲ್ಲ ಎಂಬುದೂ ಅಷ್ಟೇ ಮುಖ್ಯ. ಸೋಂಕಿದವರಲ್ಲಿ ನೂರಕ್ಕೆ ಇಪ್ಪತ್ತರಿಂದ ಮೂವತ್ತು ಮಂದಿಗೆ ಹೃದಯದ ತೊಂದರೆ ಬರುತ್ತದೆ. ಉಳಿದವರು ಹಾಗೆಯೇ ಬಾಳುತ್ತಾರೆ. ಮೊದಲ ರೋಗಿ ಬೆರೆನಿಸ್ ಅವರನ್ನೇ ನೋಡಿ: ದಶಕಗಳ ನಂತರ ಪರೀಕ್ಷಿಸಿದಾಗಲೂ ಅವರ ರಕ್ತದಲ್ಲಿ ಪರಾವಲಂಬಿ ಇದ್ದೇ ಇತ್ತು, ಹೃದಯ ಮಾತ್ರ ಕೆಡಲಿಲ್ಲ. ಎಪ್ಪತ್ತು ದಾಟಿ ಬಾಳಿ 1981ರಲ್ಲಿ ಅವರು ತೀರಿಕೊಂಡರು. ಯಾರು ಬೆರೆನಿಸ್ ಆಗುತ್ತಾರೆ, ಯಾರು ಮೂವತ್ತರ ಗುಂಪಿಗೆ ಸೇರುತ್ತಾರೆ ಎಂದು ಮೊದಲೇ ಹೇಳಲು ಬಾರದು. ಹಾಗಾಗಿ ಇಬ್ಬರನ್ನೂ ಆಗಾಗ ನೋಡುತ್ತಿರಬೇಕು. ಬಂಬೂಯಿಯಲ್ಲಿ 1997ರಲ್ಲಿ ಅರವತ್ತು ದಾಟಿದವರ ಇನ್ನೊಂದು ದೀರ್ಘ ಅಧ್ಯಯನ ಶುರುವಾಯಿತು. ಆ ಹಿರಿಯರಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಮಂದಿಗೆ ಹಳೆಯ ಸೋಂಕಿತ್ತು. ಹತ್ತು ವರ್ಷ ಬೆನ್ನುಹತ್ತಿ ನೋಡಿದಾಗ, ಯಾರಿಗೆ ಅಪಾಯ ಹೆಚ್ಚು ಎಂಬುದನ್ನು ಸಾಮಾನ್ಯ ಇ.ಸಿ.ಜಿ. ಗೆರೆಯೇ ಬಹುಮಟ್ಟಿಗೆ ಹೇಳುತ್ತಿತ್ತು. ಸೂಜಿಯಿಲ್ಲ, ನೋವಿಲ್ಲ, ಐದು ನಿಮಿಷದ ಕೆಲಸ.

ಬ್ರೆಜಿಲಿನ ಹುಳುವಿನ ಕಥೆ ನಮ್ಮ ಮಕ್ಕಳಿಗೇಕೆ ಎಂದು ತಂದೆತಾಯಂದಿರು ಕೇಳಬಹುದು. ಶಾಗಸ್ ರೋಗ ಭಾರತದಲ್ಲಿ ಹರಡುತ್ತಿಲ್ಲ, ನಿಜ. ಹೃದಯ ಸ್ನಾಯುವಿನ ಉರಿಯೂತ ಮಾತ್ರ ಇಲ್ಲಿಯೂ ಇದೆ. ಇಲ್ಲಿ ಅದನ್ನು ತರುವವು ಹೆಚ್ಚಾಗಿ ವೈರಸ್‌ಗಳು. ಕಾಕ್ಸ್‌ಸ್ಯಾಕಿ ಗುಂಪಿನವು, ಫ್ಲೂ, 2020ರಿಂದ ಈಚೆಗೆ ಕೋವಿಡ್, ಕೆಲವೊಮ್ಮೆ ಡೆಂಗಿ. ಲಸಿಕೆ ತಪ್ಪಿದ ಮಗುವಿಗೆ ಗಂಟಲಮಾರಿ ಬಂದರೆ ಅದರ ವಿಷವೂ ಹೃದಯವನ್ನೇ ಹುಡುಕಿಕೊಂಡು ಹೋಗುತ್ತದೆ. ಜ್ವರ ಬಿಟ್ಟ ಹುಡುಗ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾನೆ, ಎದೆ ನೋವು ಎನ್ನುತ್ತಾನೆ, ಎದೆ ಹೊಡೆದುಕೊಳ್ಳುತ್ತದೆ ಎನ್ನುತ್ತಾನೆ, ಪ್ರಾರ್ಥನೆಗೆ ನಿಂತಲ್ಲೇ ತಲೆ ತಿರುಗಿ ಬೀಳುತ್ತಾನೆ. ಜ್ವರದ ನಿಶ್ಶಕ್ತಿ, ಗಂಜಿ ಕುಡಿದರೆ ಸರಿಹೋಗುತ್ತದೆ ಎಂದು ಕೂರುವಂಥ ಲಕ್ಷಣಗಳಲ್ಲ ಇವು. ಆ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ವೈರಸ್ಸಿನಿಂದ ಬಂದ ಉರಿಯೂತದಲ್ಲಿ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. ಪರಾವಲಂಬಿಯಂತೆ ವೈರಸ್ ಸಾಮಾನ್ಯವಾಗಿ ಜೀವಮಾನವಿಡೀ ಹೃದಯದಲ್ಲಿ ಮನೆ ಮಾಡುವುದಿಲ್ಲ. ಆದರೂ ಕೆಲವರಲ್ಲಿ ಕಲೆ ಉಳಿಯುತ್ತದೆ, ಕೆಲವರಲ್ಲಿ ಹೃದಯ ಹಿಗ್ಗುತ್ತದೆ, ಅದೂ ವರ್ಷಗಳ ಮೇಲೆ. ಬಂಬೂಯಿಯ ವೈದ್ಯರು ಹೇಳಿಕೊಟ್ಟ ರೀತಿ ಇಲ್ಲಿಗೂ ಸಲ್ಲುತ್ತದೆ. ಹುಡುಗ ಚೆನ್ನಾಗಿ ಕಾಣುತ್ತಾನೆ ಎಂಬುದು ಒಂದು ಮಾತು; ಅವನ ಇ.ಸಿ.ಜಿ. ಮತ್ತು ಎಕೋ ಚೆನ್ನಾಗಿವೆ ಎಂಬುದು ಇನ್ನೊಂದು ಮಾತು. ಎರಡೂ ಬೇಕು. ಉರಿಯೂತ ಆರುವವರೆಗೆ ಓಟ, ಕಬಡ್ಡಿ, ವ್ಯಾಯಾಮಶಾಲೆಯ ಭಾರ ಎತ್ತುವಿಕೆ ಕೂಡದು. ಕಾದ ಹೃದಯಕ್ಕೆ ಆಯಾಸ ಸೇರಿದರೆ ತಾಳ ಅಪಾಯಕರವಾಗಿ ತಪ್ಪಬಹುದು. ಮೂರರಿಂದ ಆರು ತಿಂಗಳ ವಿರಾಮ ಹೇಳುವುದು ವಾಡಿಕೆ. ಈಗ ವೈದ್ಯರು ಪರೀಕ್ಷೆಗಳನ್ನು ನೋಡಿ ಒಬ್ಬೊಬ್ಬರಿಗೆ ಒಂದೊಂದು ಅವಧಿ ಹೇಳುತ್ತಾರೆ. ಈ ವಿಷಯ ಆಟದ ಮೇಷ್ಟ್ರಿಗೆ ಬರಹದಲ್ಲಿ ತಿಳಿದಿದ್ದರೆ ಒಳ್ಳೆಯದು. ಜಿಲ್ಲಾ ಮಟ್ಟದ ಪಂದ್ಯ ಬಂದಾಗ ಹುಡುಗನೂ ಹಟ ಮಾಡುತ್ತಾನೆ, ಶಾಲೆಯೂ ಆಸೆಪಡುತ್ತದೆ.

ಹಾಗೆಂದು ಗುಣವಾದ ಮಗುವನ್ನು ಜೀವಮಾನವಿಡೀ ಹತ್ತಿಯಲ್ಲಿ ಸುತ್ತಿಡುವುದೂ ತಪ್ಪೇ. ವೈದ್ಯರು ಒಪ್ಪಿದ ಮೇಲೆ ಆಡಲಿ, ಈಜಲಿ. ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಕಾಗದ ಮಾತ್ರ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಅಂಕಪಟ್ಟಿಯ ಜೊತೆಗೆ ಇರಲಿ. ಇಪ್ಪತ್ತು ವರ್ಷದ ಮೇಲೆ ಬೇರೆ ಊರಿನ ಬೇರೆ ವೈದ್ಯರು ಹಿಂದೆ ಏನಾದರೂ ಆಗಿತ್ತೇ ಎಂದು ಕೇಳಿದಾಗ ಉತ್ತರ ಅದರಲ್ಲಿದೆ. ಹೆಣ್ಣುಮಗಳಾದರೆ ಬಸಿರಿನ ಮೊದಲೇ ಆ ಕಾಗದ ವೈದ್ಯರ ಕಣ್ಣಿಗೆ ಬೀಳಬೇಕು. ಬಸಿರಿನಲ್ಲಿ ಹೃದಯಕ್ಕೆ ಕೆಲಸ ಹೆಚ್ಚು. ಬೀಡಿ ಸಿಗರೇಟು, ಹೆಂಡ, ಅಂಕೆಯಿಲ್ಲದ ರಕ್ತದೊತ್ತಡ ಯಾರಿಗೂ ಒಳ್ಳೆಯದಲ್ಲ. ತೇಪೆ ಬಿದ್ದ ಹೃದಯಕ್ಕೆ ಇನ್ನೂ ಕೆಟ್ಟದು.

ಮತ್ತೆ ಬ್ರೆಜಿಲಿಗೆ ಬರೋಣ. ಬಂಬೂಯಿಯಲ್ಲೇ 1940ರ ದಶಕದ ಕೊನೆಗೆ ಡಯಾಸ್ ಮತ್ತು ಸಂಗಡಿಗರು ಬಿ.ಎಚ್.ಸಿ. ಎಂಬ ಕೀಟನಾಶಕ ಬಾರ್ಬೇರೊ ಹುಳುವನ್ನು ಕೊಲ್ಲುತ್ತದೆಂದು ತೋರಿಸಿದರು. ಹಳ್ಳಿ ಹಳ್ಳಿಗೂ ಸಿಂಪಡಣೆ ನಡೆಯಿತು, ಮಣ್ಣು ಗೋಡೆಗಳ ಜಾಗಕ್ಕೆ ಇಟ್ಟಿಗೆ ಬಂತು. 1991ರಲ್ಲಿ ದಕ್ಷಿಣ ಅಮೆರಿಕದ ದೇಶಗಳು ಒಟ್ಟಾಗಿ ಹೋರಾಟ ಹೂಡಿದವು. ಮನೆಯೊಳಗೇ ಬೀಡುಬಿಡುವ ಮುಖ್ಯ ಜಾತಿಯ ಹುಳುವಿನಿಂದ ರೋಗ ಹರಡುವುದು ನಿಂತಿದೆ ಎಂಬ ಪ್ರಮಾಣಪತ್ರ 2006ರಲ್ಲಿ ಬ್ರೆಜಿಲಿಗೆ ಸಿಕ್ಕಿತು. ಆದರೂ ರೋಗ ಹೊಸ ದಾರಿ ಹುಡುಕುತ್ತದೆ. 2005ರಲ್ಲಿ ಸಾಂತಾ ಕಟರೀನಾ ರಾಜ್ಯದಲ್ಲಿ ರಸ್ತೆಬದಿಯ ಕಬ್ಬಿನ ಹಾಲು ಕುಡಿದವರಿಗೆ ಶಾಗಸ್ ಬಂತು. ಸೋಂಕಿದ ಹುಳು ಕಬ್ಬಿನ ಜೊತೆ ಗಾಣಕ್ಕೆ ಸಿಕ್ಕಿತ್ತು. ಬೆನ್ಜ್‌ನಿಡಜೋಲ್ ಎಂಬ ಔಷಧ 1970ರ ದಶಕದಿಂದಲೂ ಇದೆ. ಸೋಂಕು ಹೊಸದಾಗಿದ್ದಾಗ, ಅದರಲ್ಲೂ ಮಕ್ಕಳಿಗೆ, ಕೊಟ್ಟರೆ ಅದರ ಫಲ ಚೆನ್ನ. ಹೃದಯ ಆಗಲೇ ಕೆಟ್ಟವರಿಗೆ ಅದು ಪರಾವಲಂಬಿಯನ್ನು ಕಡಿಮೆ ಮಾಡಿತೇ ಹೊರತು ಹೃದಯದ ಕೇಡನ್ನು ತಡೆಯಲಿಲ್ಲ ಎಂದು 2015ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ ಹೇಳಿತು. ಅಂಥವರಿಗೆ ಉಳಿಯುವುದು ಹೃದಯದ ಮಾತ್ರೆಗಳು, ಬೇಕಾದವರಿಗೆ ಪೇಸ್‌ಮೇಕರ್, ಮತ್ತು ಎಡೆಬಿಡದ ತಪಾಸಣೆ.

ಅಂಥ ತಪಾಸಣೆ ನಡೆಯುವ ಜಾಗವನ್ನು ನೋಡಬೇಕಾದವರು ರಿಯೊದ ಮಂಗಿನ್ಯೋಸ್ ಬಡಾವಣೆಗೆ ಹೋಗಬೇಕು. ದಿಬ್ಬದ ಮೇಲೆ ಮೂರಿಶ್ ಶೈಲಿಯ ಅರಮನೆಯಂಥ ಕಟ್ಟಡವೊಂದು ಎದ್ದು ನಿಂತಿದೆ. ಒಸ್ವಾಲ್ಡೊ ಕ್ರೂಜ್ ಕಟ್ಟಿಸಲು ತೊಡಗಿದ ಸಂಶೋಧನಾಲಯ ಇದೇ. ಲಸ್ಸಾನ್ಸಿನಿಂದ ಹುಳುಗಳು ಬಂದಿಳಿದದ್ದು ಇದೇ ಸಂಸ್ಥೆಗೆ. ಅದೇ ಆವರಣದಲ್ಲಿ ಶಾಗಸರ ಮಗ, ಸ್ವತಃ ವೈದ್ಯರಾಗಿದ್ದು 1940ರಲ್ಲಿ ವಿಮಾನ ಅಪಘಾತದಲ್ಲಿ ಮಡಿದ ಎವಾಂಡ್ರೊ ಶಾಗಸ್ ಹೆಸರಿನ ಆಸ್ಪತ್ರೆಯಿದೆ. ಒಳನಾಡಿನ ಮಣ್ಣು ಗೋಡೆಗಳ ನಡುವೆ ಬಾಲ್ಯ ಕಳೆದು, ಕೂಲಿ ಹುಡುಕಿಕೊಂಡು ನಗರಕ್ಕೆ ಬಂದು ಅಲ್ಲೇ ಮುದುಕರಾದವರು ಅಲ್ಲಿಗೆ ಬರುತ್ತಾರೆ. ಬಾರ್ಬೇರೊ ಹುಳುವನ್ನು ಅವರ ಮೊಮ್ಮಕ್ಕಳು ಕಂಡಿರುವುದು ಚಿತ್ರದಲ್ಲಿ ಮಾತ್ರ. ಅಜ್ಜ ಅಂಗಿ ಬಿಚ್ಚಿ ಮಂಚದ ಮೇಲೆ ಮಲಗುತ್ತಾನೆ, ದಾದಿ ಎದೆಗೆ ತಂತಿಗಳನ್ನು ಅಂಟಿಸುತ್ತಾಳೆ, ಚೌಕುಳಿ ಕಾಗದದ ಮೇಲೆ ಗೆರೆ ಮೂಡುತ್ತದೆ. ವೈದ್ಯರು ಅದನ್ನು ಹಿಂದಿನ ಸಲದ ಗೆರೆಯ ಪಕ್ಕದಲ್ಲಿಟ್ಟು ನೋಡುತ್ತಾರೆ.